ಜಾಮೀನಣ್ಣ

ಊರಲ್ಲಿ ಯಾರನ್ನಾದರೂ ಪೊಲೀಸರು ಹಿಡಿದುಕೊಂಡು ಹೋದರೆ ಮನೆಯವರಿಗಿಂತ ಮೊದಲು ಸುದ್ದಿ ಮುಟ್ಟುವುದು ಜಾಮೀನಣ್ಣನಿಗೆ. ಮಂಡ್ಯ, ಹಾಸನ, ತುಮಕೂರು ಕಡೆಯ ಯಾವ ತಾಲ್ಲೂಕು ಕೋರ್ಟಿಗೆ ಹೋದರೂ ಈತ ಸಿಗುತ್ತಾನೆ. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಫೈಲಿನೊಳಗೆ ಪಹಣಿ, ಆಧಾರ್ ಜೆರಾಕ್ಸು, ಒಂದು ಚುನಾವಣೆಗೆ ನಿಲ್ಲಲು ಸಾಕಾಗುವಷ್ಟು ಪಾಸ್‌ಪೋರ್ಟ್ ಸೈಜಿನ ಫೋಟೊ. ಅವನ ನಿಜವಾದ ಹೆಸರು ಆ ಪಹಣಿಯಲ್ಲಿದೆ. ಕೋರ್ಟಿನ ಅಟೆಂಡರು ಆ ಹೆಸರು ಹಿಡಿದು ಮೂರು ಸಲ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ, ಅವನನ್ನೂ ಸೇರಿಸಿ.

ಬದುವಿನ ಜಗಳವೊಂದರಲ್ಲಿ ಹುಡುಗನೊಬ್ಬ ಪಕ್ಕದ ಹೊಲದವನಿಗೆ ಗುದ್ದಿದ, ಅವನ ಮುಂದಿನ ಹಲ್ಲು ಮುರಿಯಿತು. ಒಂದೇ ಹಲ್ಲು ಮುರಿದರೂ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಸ್ವರೂಪದ ಗಾಯವೇ. ಹುಡುಗ ಸ್ಟೇಷನ್ನಿಗೆ ಹೋದ, ಹಿಂದೆಯೇ ಅವನ ತಾಯಿ ಹೋದಳು. ಜಾಮೀನಣ್ಣ ಅಲ್ಲಿ ಆಗಲೇ ಬೇವಿನ ಮರದ ಕೆಳಗೆ ಬೀಡಿ ಹಚ್ಚಿ ನಿಂತಿದ್ದ.

“ಯಾವ ಹೋಬಳಿ ಅವ್ವ ನಿಮ್ದು?”

ಹೋಬಳಿ ಹೇಳಿದಳು.

“ಅಯ್ಯೋ, ನಮ್ಮೋರೇ ಆದ್ರಲ್ಲ! ನೀವು ಅಳ್ಬೇಡಿ. ಮುನ್ನೂರೇಳು ಹಾಕಿಲ್ಲ ತಾನೆ?”

“ನಂಗೇನ್ ಗೊತ್ತಣ್ಣ, ಹಲ್ಲು ಮುರೀತು ಅಂತ ಹಿಡ್ಕೊಂಡ್ ಬಂದವ್ರೆ.”

“ಹಲ್ಲಾ? ಹಂಗಾರೆ ಮುನ್ನೂರಿಪ್ಪತ್ತೈದು. ಕಷ್ಟ ಐತೆ. ಆದ್ರೂ ನಾನಿದೀನಿ. ಒಳಗಡೆ ಮಾತಾಡ್ಬೇಕು, ಸಾಹೇಬ್ರಿಗೆ ಒಂದಿಷ್ಟು...”

ಒಳಗೆ ಹೋಗಿ ಅವನು ಮಾತಾಡಿದ್ದು ಬಾಗಿಲ ಹತ್ತಿರದ ಪೇದೆಯ ಜೊತೆ, ಅದೂ ಮಳೆಯ ವಿಚಾರ. ಹೊರಗೆ ಬಂದು ಹಣೆ ಒರೆಸಿಕೊಂಡ. ಸಂಜೆಯ ಹೊತ್ತಿಗೆ ಬಾಂಡು ಬರೆಸಿಕೊಂಡು ಹುಡುಗನನ್ನು ಬಿಟ್ಟರು. ತಾಯಿ ಜಾಮೀನಣ್ಣನ ಕಾಲು ಹಿಡಿಯಲು ಹೋದಳು. ಅವನು ಕಾಲು ಹಿಂದಕ್ಕೆಳೆದುಕೊಂಡ, ಕೈ ಮಾತ್ರ ಮುಂದೆ ಚಾಚಿದ.

ಆ ತಾಯಿಗೆ ಯಾರೂ ಹೇಳದ ಸಂಗತಿ ಇದು. ಹಲ್ಲು ಮುರಿದ ಆ ಕಲಮಿಗೆ ಏಳು ವರ್ಷದವರೆಗೆ ಶಿಕ್ಷೆ ಇದೆ, ಆದರೂ ಅದು ಜಾಮೀನೀಯ ಅಪರಾಧ. ಅಂಥದ್ದರಲ್ಲಿ ಜಾಮೀನು ಆರೋಪಿಯ ಹಕ್ಕು. ಜಾಮೀನುದಾರ ಸಿಕ್ಕರೆ ಠಾಣೆಯಲ್ಲೇ ಬಿಡಬೇಕು. ಅಷ್ಟೇ ಅಲ್ಲ, “ನಿನಗೆ ಜಾಮೀನಿನ ಹಕ್ಕಿದೆ, ಜಾಮೀನುದಾರರನ್ನು ಗೊತ್ತುಮಾಡಿಕೋ” ಎಂದು ಹಿಡಿದ ಅಧಿಕಾರಿಯೇ ತಿಳಿಸಬೇಕು. ನನ್ನ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಎಂದ ಅಜ್ಜಿಯ ಹಾಗೆ ಜಾಮೀನಣ್ಣ. ವ್ಯತ್ಯಾಸವೆಂದರೆ ಆ ಅಜ್ಜಿ ಊರಿನವರಿಂದ ದುಡ್ಡು ಕೇಳಲಿಲ್ಲ.

ಅವನ ಜೀವನದ ದೊಡ್ಡ ಆಘಾತ 2024ರ ಜುಲೈ 1. ಅಂದು ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಒಂದು ಆಯುಷ್ಯ ಉರು ಹೊಡೆದ ನಂಬರುಗಳೆಲ್ಲ ಒಂದೇ ರಾತ್ರಿಯಲ್ಲಿ ಅಮಾನ್ಯ. ಮುನ್ನೂರೇಳು 109 ಆಯಿತು, ಮುನ್ನೂರಿಪ್ಪತ್ತೈದು 117ರೊಳಗೆ ಸೇರಿತು, ಎಲ್ಲಕ್ಕಿಂತ ಮಿಗಿಲಾಗಿ ನಾನ್ನೂರಿಪ್ಪತ್ತು ಹೋಗಿ 318 ಆಯಿತು. “ಯಾರಾದ್ರೂ ‘ನೀನು ಮುನ್ನೂರ ಹದಿನೆಂಟು ಕಣೋ’ ಅಂತ ಬೈದ್ರೆ ಬೈಸ್ಕೊಂಡೋನ್ಗೆ ಅರ್ಥ ಆಯ್ತದಾ?” ಎಂದು ಅವನು ಕ್ಯಾಂಟೀನಿನಲ್ಲಿ ಕೇಳಿದಾಗ ಹಿರಿಯ ವಕೀಲರೂ ಉತ್ತರ ಕೊಡಲಿಲ್ಲ. ಆ ತಾರೀಖಿಗೆ ಮುಂಚಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ ಎಂದು ತಿಳಿದ ಮೇಲೆ ಅವನಿಗೆ ಸ್ವಲ್ಪ ಊಟ ಸೇರಿತು. ನಮ್ಮ ಕೋರ್ಟುಗಳ ವೇಗ ಅವನಿಗೆ ಗೊತ್ತು. ಹಳೆಯ ನಂಬರುಗಳಿಗೆ ಅವನ ಕಾಲ ಮುಗಿಯುವವರೆಗೆ ಮೋಸವಿಲ್ಲ.

ವಕೀಲರನ್ನು ಗೊತ್ತುಮಾಡಿಕೊಡುವುದು ಅವನ ಇನ್ನೊಂದು ಕಸುಬು. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವಿದೆ, ಆಫೀಸಿನ ಬೋರ್ಡು ಕೂಡ ಮಿತಿ ಮೀರುವಂತಿಲ್ಲ. ಆ ಕೊರತೆಯನ್ನು ಜಾಮೀನಣ್ಣ ಬಾಯಿಂದ ತುಂಬುತ್ತಾನೆ. “ಇವ್ರು ಸಿವಿಲ್ ಸೈಡು, ಭಾಗದ ದಾವೆಗೆ ಎತ್ತಿದ ಕೈ, ಬೇಲಿಗೆ ಆಗಕಿಲ್ಲ. ಅವ್ರು ಕ್ರಿಮಿನಲ್, ಆದ್ರೆ ಸೋಮವಾರ ಮೈಸೂರಿಗೋಗ್ತರೆ. ಆಯಪ್ಪ ಬಲೇ ಜೋರು ಮಾತಾಡ್ತಾನೆ, ಜಡ್ಜಿಗೆ ತಲೆನೋವು.” ನಿಜ ಹೇಳಬೇಕೆಂದರೆ ಈ ವಿಮರ್ಶೆಯಲ್ಲಿ ತಪ್ಪು ಕಡಿಮೆ. ಕೊನೆಗೆ ಕರೆದುಕೊಂಡು ಹೋಗುವುದು ಮಾತ್ರ ಕಮಿಷನ್ ಕೊಡುವವರ ಹತ್ತಿರವೇ. ಹೀಗೆ ದುಡ್ಡಿಗಾಗಿ ಕಕ್ಷಿದಾರರನ್ನು ಹಿಡಿದು ತರುವವರ ಪಟ್ಟಿಯನ್ನು ಕೋರ್ಟಿನಲ್ಲಿ ತೂಗುಹಾಕಲು ವಕೀಲರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದಿದ್ದಾರೆ. ಪಟ್ಟಿಯಲ್ಲಿದ್ದೂ ದಲ್ಲಾಳಿತನ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಮೀನಣ್ಣನಿಗೆ ಈ ವಿಷಯ ಹೇಳಿದೆ. ಜೈಲಿನ ಮಾತು ಅವನ ಕಿವಿಗೆ ಬೀಳಲೇ ಇಲ್ಲ. “ಐನೂರಾ?” ಎಂದು ಕೇಳಿ ಜೇಬು ಮುಟ್ಟಿಕೊಂಡ.

ಅವನ ಒಂದೂವರೆ ಎಕರೆ ಖುಷ್ಕಿಯಲ್ಲಿ ರಾಗಿ ಬೆಳೆದದ್ದಕ್ಕಿಂತ ಜಾಮೀನು ಬೆಳೆದದ್ದೇ ಹೆಚ್ಚು. ಆದರೆ ಈಗಾಗಲೇ ಎಷ್ಟು ಜನಕ್ಕೆ ಜಾಮೀನು ನಿಂತಿದ್ದೀಯ ಎಂಬ ವಿವರವನ್ನು ಜಾಮೀನುದಾರ ಕೋರ್ಟಿಗೆ ಘೋಷಿಸಬೇಕೆಂಬ ನಿಯಮವಿದೆ. ಆ ಕಾಲಂ ಬಂದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತದೆ. ಹಾಗಾಗಿ ಈಚೆಗೆ ಭಾವಮೈದುನನ ಪಹಣಿ, ಷಡ್ಡಕನ ಪಹಣಿ ಎಂದು ಬಳಗವನ್ನೆಲ್ಲ ಕಟಕಟೆ ಹತ್ತಿಸುತ್ತಿದ್ದಾನೆ.

“ಬ್ಯಾರೆ ಜಿಲ್ಲೆ ಪಹಣಿ ನಡೆಯಕಿಲ್ಲ” ಎನ್ನುವುದು ಅವನ ವೇದವಾಕ್ಯ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೂ ಹೀಗೇ ಆಗಿತ್ತು. ಹತ್ತು ಸಾವಿರದ ಜಾಮೀನು ಕೇಳಿದ ಮ್ಯಾಜಿಸ್ಟ್ರೇಟರು, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಎಂದರು. ಅಲ್ಲಿಂದ ಇಲ್ಲಿಗೆ ಇಷ್ಟು ವರ್ಷವಾದರೂ ಆ ತೀರ್ಪು ಬೇವಿನ ಮರದ ಕೆಳಗೆ ತಲುಪಿಲ್ಲ. ಜಾಮೀನೀಯ ಅಪರಾಧದಲ್ಲಿ ಒಂದು ವಾರವಾದರೂ ಜಾಮೀನು ಒದಗಿಸಲು ಆಗದವನನ್ನು ಬಡವನೆಂದೇ ಭಾವಿಸಬಹುದು, ಬಡವನನ್ನು ಶೂರಿಟಿ ಇಲ್ಲದೆ ಅವನ ಸ್ವಂತ ಬಾಂಡಿನ ಮೇಲೆ ಬಿಡಬೇಕು ಎಂದು ಕಾನೂನು ಹೇಳುತ್ತದೆ. ಇದು ಜನಕ್ಕೆ ತಿಳಿದುಹೋದರೆ ಜಾಮೀನಣ್ಣ ನಿಜಕ್ಕೂ ರಾಗಿ ಬೆಳೆಯಬೇಕಾಗುತ್ತದೆ.

ಅವನ ಪರವಾಗಿ ಒಂದು ಮಾತು ಹೇಳಲೇಬೇಕು. ವಾಯಿದೆಯ ದಿನ ಬೆಳಗಿನ ಜಾವಕ್ಕೇ ಆರೋಪಿಗೆ ಅವನ ಫೋನು ಹೋಗುತ್ತದೆ: “ಏನಪ್ಪಾ, ಎದ್ಯಾ? ಇವತ್ತು ಡೇಟು. ನೀನು ತಪ್ಪಿಸ್ಕಂಡ್ರೆ ಬಾಂಡಿನ ದುಡ್ಡು ನನ್ ತಲೆ ಮೇಲೆ ಬತ್ತದೆ.” ಹೆತ್ತವರು, ವಕೀಲರು, ಪೊಲೀಸರು ಮೂವರೂ ಮರೆತ ತಾರೀಖನ್ನು ಅವನು ಮರೆಯುವುದಿಲ್ಲ. ಎಷ್ಟೋ ಹುಡುಗರ ಮೇಲೆ ವಾರಂಟು ಆಗದೆ ಉಳಿದಿರುವುದು ಈ ಸ್ವಾರ್ಥದಿಂದಲೇ.

ಮಧ್ಯಾಹ್ನ ಅವನು ಕೋರ್ಟಿನ ಜಗಲಿಯಲ್ಲಿ ಒಂದು ಬಾಗಿಲಿಗೆ ಒರಗಿ ಕೂರುತ್ತಾನೆ. ಬಾಗಿಲ ಮೇಲೆ “ತಾಲ್ಲೂಕು ಕಾನೂನು ಸೇವಾ ಸಮಿತಿ” ಎಂಬ ಬೋರ್ಡಿದೆ, ಅವನ ತಲೆ ಅಡ್ಡ ಬರುವುದರಿಂದ ಓದಲು ಕಷ್ಟ. 1987ರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿರುವವರು ಯಾರೇ ಕೇಳಿದರೂ ಅಲ್ಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಇವರಿಗೆ ಆದಾಯದ ಮಿತಿಯೂ ಇಲ್ಲ. ಅಲ್ಲಿಯವರೆಗೆ ಹೋಗಲಾಗದವರಿಗೆ 15100 ಎಂಬ ಫೋನ್ ನಂಬರಿದೆ. ನಿಮ್ಮ ಮನೆಯವರನ್ನು ಎಂದಾದರೂ ಹಿಡಿದುಕೊಂಡು ಹೋದರೆ, ಅಪರಾಧ ಜಾಮೀನೀಯವೋ ಅಲ್ಲವೋ ಎಂದು ಠಾಣೆಯಲ್ಲೇ ಮೊದಲು ಕೇಳಿ. ಆಮೇಲೆ ಜಾಮೀನಣ್ಣನಿಗೆ ಒಂದು ಟೀ ಕೊಡಿಸಿ, ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿ, ಆ ಬಾಗಿಲು ತಟ್ಟಿ.