‘ಕಪ್ಪಾದಷ್ಟೂ ನನಗೆ ಬೆಲೆ ಜಾಸ್ತಿ ಸ್ವಾಮೀ’

ಟರ್ಕಿಯ ಎಸ್ಕಿಶೆಹಿರ್ ನಗರದ ಹಳೆಯ ಬಡಾವಣೆ ಒಡುನ್‌ಪಜಾರಿಯಲ್ಲಿ ಮೀರ್‌ಶಾಮ್ ಎಂಬ ಬಿಳಿ ಕಲ್ಲಿನ ತಂಬಾಕು ಪೈಪು ಮಾರುವ ಅಂಗಡಿಗಳಿವೆ. ಅಂಥ ಒಂದು ಅಂಗಡಿಯ ಗಾಜಿನ ಬೀರುವಿನಲ್ಲಿ, ಪೇಟ ಸುತ್ತಿದ ಸುಲ್ತಾನನ ಮುಖ ಹೊತ್ತು ಕುಳಿತಿದ್ದ ಬಿಳಿ ಪೈಪೊಂದು ನಮ್ಮ ಪತ್ರಿಕೆಯೊಂದಿಗೆ ಮಾತಾಡಲು ಒಪ್ಪಿತು. ಅದು ಹಾಕಿದ ಷರತ್ತು ಒಂದೇ, ಯಾರೂ ಬೆರಳು ತಾಗಿಸಕೂಡದು.

ಪ್ರಶ್ನೆ: ಮೊದಲ ಸಲ ಮೀರ್‌ಶಾಮ್ ಕೊಳ್ಳುವವರು ಏನು ನೋಡಬೇಕು?

ಪೈಪು: ಕುಲಗೋತ್ರ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದವರು ಕೇಳುವಷ್ಟು ಪ್ರಶ್ನೆ ಕೇಳಿ, ತಪ್ಪಿಲ್ಲ. ನಾನು ಅಖಂಡ ಕಲ್ಲಿನವನು, ಅಂಗಡಿ ಭಾಷೆಯಲ್ಲಿ ‘ಬ್ಲಾಕ್ ಮೀರ್‌ಶಾಮ್’. ಈ ಊರಿನ ಸುತ್ತಲ ಹಳ್ಳಿಗಳಲ್ಲಿ ಬಾವಿಯಷ್ಟು ಆಳ ತೋಡಿ, ನೆಲದೊಳಗಿಂದ ನಮ್ಮನ್ನು ಗಡ್ಡೆಗಡ್ಡೆಯಾಗಿ ಎತ್ತುತ್ತಾರೆ. ಒದ್ದೆಯಿದ್ದಾಗ ಚಾಕು ಹೇಳಿದಂತೆ ಕೇಳುತ್ತೇವೆ. ಒಣಗಿದ ಮೇಲೆ ಸ್ವಲ್ಪ ಬಿಗುಮಾನ ಬರುತ್ತದೆ. ಆದರೆ ಕೆತ್ತುವಾಗ ಉದುರಿದ ಪುಡಿ, ಚೂರುಗಳಿಗೆ ಅಂಟು ಬೆರೆಸಿ, ಒತ್ತಿ ಮಾಡಿದ ಪೈಪುಗಳೂ ಇವೆ. ನೋಡಿದರೆ ನನ್ನ ತಮ್ಮನೆಂದೇ ಅನ್ನುತ್ತೀರಿ. ಅವಕ್ಕೆ ಹೀರುವ ಗುಣ ಕಡಿಮೆ, ಬಣ್ಣವೂ ನನ್ನ ಹಾಗೆ ಏರುವುದಿಲ್ಲ. ‘ಬ್ಲಾಕ್ ಮೀರ್‌ಶಾಮ್ ಹೌದೋ ಅಲ್ಲವೋ’ ಎಂದು ಬಾಯಿಬಿಟ್ಟು ಕೇಳಿ. ಅಂಗಡಿಯವನು ಆಗ ಹವಾಮಾನದ ಬಗ್ಗೆ ಮಾತು ತೆಗೆದರೆ ಎದ್ದು ಬನ್ನಿ.

ಪ್ರಶ್ನೆ: ಚೂರುಪಾರು ಸೇರಿ ಬದುಕು ಕಟ್ಟಿಕೊಂಡವರನ್ನು ಇಷ್ಟು ಹಗುರಾಗಿ ಕಾಣಬಹುದೆ?

ಪೈಪು: ಹಗುರ ಎಂದರೆ ನಾನೇ ಸ್ವಾಮೀ! ನಮ್ಮ ಒಣ ಗಡ್ಡೆಯನ್ನು ನೀರಿಗೆ ಹಾಕಿ ನೋಡಿ, ತೇಲುತ್ತದೆ. ಮೈತುಂಬ ಕಾಣದಷ್ಟು ಸಣ್ಣ ರಂಧ್ರಗಳು.

ಪ್ರಶ್ನೆ: ನಿಮ್ಮಂತೆ ಕೆತ್ತನೆ ಇರುವುದೇ ಒಳ್ಳೆಯದೋ?

ಪೈಪು: (ದನಿ ತಗ್ಗಿಸಿ) ಪಕ್ಕದ ಬೋಳು ಪೈಪಿಗೆ ಕೇಳಿಸದ ಹಾಗೆ ಹೇಳುತ್ತೇನೆ. ಹೊಸಬರಿಗೆ ಅದೇ ವಾಸಿ. ನನ್ನ ಗಡ್ಡದ ಸುರುಳಿ, ಪೇಟದ ಮಡಿಕೆಗಳಲ್ಲಿ ಕಲ್ಲಿನ ಹುಳುಕು ಎಷ್ಟಿದ್ದರೂ ಮುಚ್ಚಿಹೋಗುತ್ತದೆ. ಬೋಳು ಮೈಯವನಿಗೆ ಬಚ್ಚಿಡಲು ಜಾಗವೆಲ್ಲಿದೆ? ಬಟ್ಟಲಿನ ಗೋಡೆ ದಪ್ಪಗಿದ್ದರೆ ಬೇಗ ಕಾಯುವುದಿಲ್ಲ. ಮೂತಿಯಿಂದ ಕ್ಲೀನರ್ ಕಡ್ಡಿ ತೂರಿಸಿ ನೋಡಿ. ಎಲ್ಲೂ ಮುಗ್ಗರಿಸದೆ ಬಟ್ಟಲಿನ ತಳದಲ್ಲೇ ತಲೆ ಹಾಕಬೇಕು. ತಳಕ್ಕಿಂತ ಮೇಲೆ ತೂತು ಬಿದ್ದಿದ್ದರೆ ಅಡಿಯಲ್ಲಿ ಹಸಿ ತಂಬಾಕು ಉಳಿದು ಗೊರಗೊರ ಅನ್ನುತ್ತದೆ. ಇದನ್ನೆಲ್ಲ ನೋಡುವವರು ಕಡಿಮೆ. ಬಂದವರೆಲ್ಲ ನನ್ನ ಮೀಸೆ ನೋಡುತ್ತಾರೆ.

ಪ್ರಶ್ನೆ: ಅಂದಹಾಗೆ, ಇದು ಯಾವ ಸುಲ್ತಾನನ ಮುಖ?

ಪೈಪು: ಕೆತ್ತಿದವನಿಗೂ ಗೊತ್ತಿಲ್ಲ. ನಾಲ್ಕನೆಯ ಮುರಾದ್ ಆಗಿರದಿದ್ದರೆ ಸಾಕು. ಆತ 1633ರಲ್ಲಿ ತಂಬಾಕು ನಿಷೇಧಿಸಿ, ಸೇದಿದವರಿಗೆ ಮರಣದಂಡನೆ ಇಟ್ಟಿದ್ದ. ಆತನ ವಂಶದವರ ತಲೆಗೇ ಈಗ ತಂಬಾಕು ತುಂಬಿ ಬೆಂಕಿ ಹಚ್ಚುತ್ತಾರೆ. ಇತಿಹಾಸ ಸೇಡು ತೀರಿಸಿಕೊಳ್ಳುವ ರೀತಿ ಹೀಗೂ ಇರುತ್ತದೆ.

ಪ್ರಶ್ನೆ: ನಿಮ್ಮ ಖ್ಯಾತಿಗೆ ವಿಯೆನ್ನಾ ಕಾರಣ ಎನ್ನುತ್ತಾರಲ್ಲ?

ಪೈಪು: ಕಲ್ಲು ನಮ್ಮದು, ಉಳಿ ಅವರದು, ಲಾಭವೂ ಅವರದೇ. ಹತ್ತೊಂಬತ್ತನೆಯ ಶತಮಾನವಿಡೀ ಇದೇ ನಡೆಯಿತು. ಕೊನೆಗೆ 1970ರ ದಶಕದಲ್ಲಿ ಟರ್ಕಿ ಕಚ್ಚಾ ಕಲ್ಲಿನ ರಫ್ತನ್ನೇ ನಿಲ್ಲಿಸಿತು. ಈಗ ಇಲ್ಲೇ ಕೆತ್ತಿಸಿಕೊಂಡು ಹೊರಡುತ್ತೇವೆ.

ಪ್ರಶ್ನೆ: ಷರ್ಲಾಕ್ ಹೋಮ್ಸ್ ನಿಮ್ಮವರನ್ನೇ ಸೇದುತ್ತಿದ್ದನಂತೆ?

ಪೈಪು: ಸಿನಿಮಾದ ಮಾತು ಅದು! ಒಣಗಿದ ಸೋರೆಬುರುಡೆಗೆ ನಮ್ಮ ಬಟ್ಟಲು ಕೂರಿಸಿದ ಕ್ಯಾಲಬಾಷ್ ಪೈಪು ಕಾನನ್ ಡಾಯ್ಲ್ ಬರೆದ ಕಥೆಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಅವನ ಕೈಯಲ್ಲಿರುವುದು ಮಣ್ಣಿನದು, ಬ್ರೈಯರ್ ಮರದ್ದು, ಚೆರ್ರಿ ಮರದ್ದು. ಆದರೂ ಗಿರಾಕಿಗಳ ಉತ್ಸಾಹ ಕೆಡಿಸುವುದು ನನ್ನ ಕೆಲಸವಲ್ಲ.

ಪ್ರಶ್ನೆ: ಕೊಂಡ ಮೇಲೆ ಸಾಕುವುದು ಕಷ್ಟವೆ?

ಪೈಪು: ಬ್ರೈಯರ್ ಪೈಪಿನ ಒಳಗೆ ಕರಿಯ ಪದರ ಕಟ್ಟಲು ಬಿಡುತ್ತಾರೆ. ನನಗೆ ಅದು ಆಗಿಬರುವುದಿಲ್ಲ. ಪದರ ದಪ್ಪವಾದರೆ ಬಿಸಿಗೆ ಹಿಗ್ಗಿ ನನ್ನನ್ನು ಸೀಳಿಬಿಡುತ್ತದೆ, ಆಗಾಗ ಒರೆಸಿ ತೆಗೆಯಬೇಕು. ಬೂದಿ ಉದುರಿಸಲು ಮೇಜಿಗೆ ಕುಟ್ಟಕೂಡದು. ಬಿಸಿಯಿದ್ದಾಗ ಬಾಯಿಕೊಳವೆ ಕೀಳಕೂಡದು. ಬಟ್ಟಲು ಮುಟ್ಟಲೇಕೂಡದು, ಹಿಂದೆ ಇದಕ್ಕೆಂದೇ ಕೈಗವಸು ಹಾಕಿಕೊಳ್ಳುತ್ತಿದ್ದರು. ಉಗುರು ಗೀರಿದರೆ ಕಲೆ ನಿಲ್ಲುವ ಮೈ ನನ್ನದು. ಕೆಳಗೆ ಬಿದ್ದರೆ ಮಾತೇ ಬೇಡ.

ಪ್ರಶ್ನೆ: ಇಷ್ಟೆಲ್ಲ ಮಡಿ ಏತಕ್ಕೆ?

ಪೈಪು: ಬಣ್ಣಕ್ಕೆ! ನನ್ನ ಮೈಗೆ ಜೇನುಮೇಣ ಕುಡಿಸಿರುತ್ತಾರೆ. ಹೊಗೆಯ ಟಾರು ಒಳಗಿಂದ ಇಂಗುತ್ತದೆ, ಬಿಸಿಗೆ ಮೇಣ ಓಡಾಡುತ್ತದೆ. ಕತ್ತಿನಿಂದ ಶುರುವಾಗಿ ಮೊದಲು ಕೆನೆಬಣ್ಣ, ಆಮೇಲೆ ಜೇನುಬಣ್ಣ, ವರ್ಷಗಳ ಮೇಲೆ ಕಡುಗಂದು. ಆಗ ಸಂಗ್ರಾಹಕರು ಭೂತಗನ್ನಡಿ ಹಿಡಿದು ‘ಆಹಾ’ ಎನ್ನುತ್ತಾರೆ. ಕಪ್ಪಾದಷ್ಟೂ ನನಗೆ ಬೆಲೆ.

ಪ್ರಶ್ನೆ: ಅದೇ ಹೊಗೆ ಸೇದುವವನ ಬಾಯಿ, ಗಂಟಲಲ್ಲೂ ಇಂಗುತ್ತದಲ್ಲ?

ಪೈಪು: ಇಂಗುತ್ತದೆ. ತುಟಿ, ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ಪೈಪೂ ದಾರಿ ಎಂದು ವೈದ್ಯರು ಹೇಳುತ್ತಲೇ ಇದ್ದಾರೆ. ಆದರೆ ಆ ಬಣ್ಣ ನೋಡಲು ಭೂತಗನ್ನಡಿ ಹಿಡಿದು ಬರುವ ಸಂಗ್ರಾಹಕರಿಲ್ಲ. ನೋಡಿ, ನನ್ನನ್ನು ಒಂದು ಸಲ ಸೇದಿದ ಮೇಲೆ ತಣ್ಣಗಾಗಲು ಬಿಡುತ್ತಾರೆ, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ, ಅಳತೆಗೆ ಹೊಲಿಸಿದ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಯಜಮಾನನ ಶ್ವಾಸಕೋಶಕ್ಕೆ ಈ ಉಪಚಾರ ಯಾರು ಮಾಡಿದ್ದಾರೆ?

ಪ್ರಶ್ನೆ: ಒಂದು ಮುಜುಗರದ ಪ್ರಶ್ನೆ. ನೀವು ಸೆಪಿಯೊಲೈಟ್ ಖನಿಜ. ಸ್ಪೇನಿನಲ್ಲಿರುವ ನಿಮ್ಮ ಬಳಗದವರು...

ಪೈಪು: (ಸುಲ್ತಾನನ ಹುಬ್ಬು ಗಂಟಾಗುತ್ತದೆ) ಬೆಕ್ಕಿನ ವಿಷಯ ತಾನೆ? ಹೌದು. ಮ್ಯಾಡ್ರಿಡ್ ಸುತ್ತಮುತ್ತ ರಾಶಿ ರಾಶಿ ಅಗೆದು, ಪುಡಿ ಮಾಡಿ, ಮನೆಬೆಕ್ಕುಗಳ ಶೌಚದ ತಟ್ಟೆಗೆ ತುಂಬುತ್ತಾರೆ. ಹೀರುವ ಗುಣ ಒಂದೇ, ಹಣೆಬರಹ ಬೇರೆ. ಒಂದು ಮಾತು ಮಾತ್ರ ಬರೆದುಕೊಳ್ಳಿ. ಅವರಿಂದ ಇದುವರೆಗೆ ಯಾವ ಬೆಕ್ಕಿಗೂ ಕೆಮ್ಮು ಹತ್ತಿದ್ದು ನಾನು ಕೇಳಿಲ್ಲ.

ಪ್ರಶ್ನೆ: ನಮ್ಮ ಓದುಗರಿಗೆ ಏನಾದರೂ ಹೇಳುವಿರಾ?

ಪೈಪು: ಅವರು ಪೈಪು ಸೇದುತ್ತಾರೆಯೆ?

ಪ್ರಶ್ನೆ: ಅಪರೂಪ. ಆದರೆ ಹುಣಸೂರು, ಪಿರಿಯಾಪಟ್ಟಣದ ಕಡೆಯವರು ವರ್ಜೀನಿಯಾ ತಂಬಾಕು ಬೆಳೆಯುತ್ತಾರೆ.

ಪೈಪು: ಬೆಳೆಯುತ್ತಾರೆ, ಸೇದುವುದಿಲ್ಲ! ನಮ್ಮ ಅಂಗಡಿಯವನೂ ಅವರ ಪೈಕಿಯೇ. ದಿನವಿಡೀ ಪೈಪು ಮಾರುತ್ತಾನೆ, ತುಟಿಗೆ ಸೋಕಿಸುವುದಿಲ್ಲ. ಡಾಕ್ಟರು ಬೇಡ ಅಂದಿದ್ದಾರಂತೆ.