ಸೊಂಟದೆತ್ತರದ ರಿಪೇರಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಸೋಲೆಂಟ್ ಜಲಸಂಧಿಯ ಆಸುಪಾಸಿನ ಯಾವ ದೋಣಿಯಂಗಳಕ್ಕೆ ವಸಂತದ ಆರಂಭದಲ್ಲಿ ಹೋದರೂ ಹಳೆ ಹಾಯಿದೋಣಿಯ ಯಜಮಾನರೊಬ್ಬರು ಸಿಕ್ಕೇ ಸಿಗುತ್ತಾರೆ. ನಿವೃತ್ತರು, ಜೇಬಿನ ತುಂಬ ಸ್ಕ್ರೂಗಳು, ಉಗುರ ಸಂದಿಯಲ್ಲಿ ಗ್ರೀಸು, ನಾಲಿಗೆಯ ತುದಿಯಲ್ಲಿ ಉಪದೇಶ. ದೋಣಿ ವೆಸ್ಟರ್ಲಿ ಸೆಂಟಾರ್ ಆಗಿರುವ ಸಾಧ್ಯತೆ ಸಾಕಷ್ಟಿದೆ: 26 ಅಡಿಯ ಫೈಬರ್‌ಗ್ಲಾಸ್ ದೋಣಿ, 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಹೆಚ್ಚು ತಯಾರಾದವು. ಅಡಿಯಲ್ಲಿ ಕೀಲ್ ಎಂಬ ಜೋಡಿ ರೆಕ್ಕೆಗಳಿರುವುದರಿಂದ ಸಮುದ್ರ ಇಳಿದಾಗ ಕೆಸರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ಇಳಿತದ ಹೊತ್ತಿನಲ್ಲೂ ಯಜಮಾನರ ರಿಪೇರಿಗೆ ಬಿಡುವಿಲ್ಲ. ಇವರು ಹಾಯಿ ಬಿಚ್ಚುವುದಕ್ಕಿಂತ ಸ್ಕ್ರೂ ಬಿಚ್ಚುವುದೇ ಹೆಚ್ಚು ಎನ್ನುವುದು ಲೋಕದ ದೂರು. ನನ್ನ ದೂರು ಬೇರೆ. ಇವರ ರಿಪೇರಿ ಅತಿಯಾಯಿತೆಂದಲ್ಲ, ಅದು ಸೊಂಟದೆತ್ತರದಲ್ಲೇ ನಿಂತುಬಿಡುತ್ತದೆ ಎಂದು.

ಸೊಂಟದೆತ್ತರದಲ್ಲಿ ಇರುವುದು ಗೂಸ್‌ನೆಕ್, ಹಾಯಿಕಂಬಕ್ಕೂ ಬೂಮ್ ಎಂಬ ಅಡ್ಡದಂಡಕ್ಕೂ ನಡುವಿನ ಕೀಲು. ಇದು ಯಜಮಾನರ ಪ್ರಾಣ. ನಲವತ್ತೈವತ್ತು ವರ್ಷ ಬೂಮ್ ಅತ್ತಿತ್ತ ತೊನೆದು, ಪಿನ್ ಕೂರುವ ತೂತು ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಸಡಿಲಾದ ಪಿನ್ ಪ್ರತಿ ಅಲೆಗೂ ತೂತಿನ ಅಂಚನ್ನು ಬಡಿಯುತ್ತದೆ. ಬಡಿದಷ್ಟೂ ತೂತು ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಡಿತ ಜೋರಾಗುತ್ತದೆ. ಇದನ್ನು ಯಜಮಾನರು ದಾರಿಹೋಕರನ್ನೆಲ್ಲ ನಿಲ್ಲಿಸಿ ಬೂಮ್ ಅಲ್ಲಾಡಿಸಿ ತೋರಿಸುತ್ತಾರೆ. ಮದುವೆಯ ಆಲ್ಬಮ್ ತೋರಿಸುವವರಿಂದ ತಪ್ಪಿಸಿಕೊಳ್ಳಬಹುದು, ಇವರಿಂದ ಆಗದು. ಮುಂದಿನದು ಸ್ಕ್ರೂ ಪುರಾಣ. ಕಂಬ ಅಲ್ಯೂಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲು. ನಡುವೆ ಉಪ್ಪುನೀರು ಸೇರಿದರೆ ಎರಡು ಲೋಹಗಳೂ ಸೇರಿ ಒಂದು ಪುಟ್ಟ ಬ್ಯಾಟರಿಯಾಗಿ ಅಲ್ಯೂಮಿನಿಯಂ ಕರಗತೊಡಗುತ್ತದೆ. ಹಾಗೆ ಹುಟ್ಟಿದ ಬಿಳಿ ಪುಡಿ ಉಬ್ಬಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಮೊದಲು ಎಣ್ಣೆಯ ಅಭಿಷೇಕ, ಆಮೇಲೆ ಬಿಸಿಗಾಳಿಯ ಉಪಚಾರ, ಕೊನೆಗೆ ಸುತ್ತಿಗೆಯ ಏಟಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರಿನ ಪ್ರಹಾರ. ಇಷ್ಟಾದ ಮೇಲೆ ಸ್ಕ್ರೂವಿನ ತಲೆ ಮಾತ್ರ ಹಾರಿ, ಮುಂಡ ಒಳಗೇ ಉಳಿಯುತ್ತದೆ. ಅದನ್ನು ಕೊರೆದು ತೆಗೆದು, ಮೊಟ್ಟೆಯಾದ ತೂತನ್ನು ಮತ್ತೆ ದುಂಡಗೆ ಕೊರೆದು, ಕಂಚಿನ ಬುಷ್ ಕೂರಿಸಿ, ಹೊಸ ಪಿನ್ ಹಾಕಿ, ಲೋಹಗಳು ಮತ್ತೆ ಜಗಳಕ್ಕೆ ನಿಲ್ಲದಂತೆ ನಡುವೆ ಡ್ಯೂರಾಲ್ಯಾಕ್ ಎಂಬ ಹಳದಿ ಪೇಸ್ಟು ಬಳಿಯುವ ಹೊತ್ತಿಗೆ ಬೇಸಿಗೆ ಅರ್ಧ ಕಳೆದಿರುತ್ತದೆ. ಕೆಲಸ ಅಚ್ಚುಕಟ್ಟು, ತಕರಾರಿಲ್ಲ.

ಆದರೆ ಕಂಬವನ್ನು ನಿಲ್ಲಿಸಿರುವುದು ಗೂಸ್‌ನೆಕ್ ಅಲ್ಲ. ಅದನ್ನು ಎತ್ತಿ ಹಿಡಿದಿರುವುದು ಎರಡೂ ಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಬಿಗಿದ ಉಕ್ಕಿನ ತಂತಿಗಳು. ಆ ತಂತಿಗಳನ್ನು ಹಿಡಿದಿರುವುದು ಬೆರಳಿಗಿಂತ ಸಣ್ಣ ಕ್ಲೆವಿಸ್ ಪಿನ್ನುಗಳು. ಪಿನ್ನು ಜಾರದಂತೆ ಕಾಯುವುದು ಜುಜುಬಿ ಬೆಲೆಯ ಸ್ಪ್ಲಿಟ್ ಪಿನ್. ಗೂಸ್‌ನೆಕ್ ಮುರಿದರೆ ಬೂಮ್ ಕಳಚುತ್ತದೆ. ಹಗ್ಗದಲ್ಲಿ ಕಟ್ಟಿಕೊಂಡು ಮನೆ ಸೇರಬಹುದು. ಮೇಲ್ತುದಿಯ ಒಂದು ಪಿನ್ ಕೈಕೊಟ್ಟರೆ ಇಡೀ ಕಂಬವೇ ನೀರಿಗೆ. ಅಪಾಯ ಮೇಲಿದೆ, ಗಮನ ಕೆಳಗಿದೆ. ಸ್ಪ್ರೆಡರ್ ಎಂಬ ಅಡ್ಡಕಡ್ಡಿಯ ತುದಿಯಲ್ಲಿ ತಂತಿ ಬಾಗುವ ಕಡೆ ಟೇಪು ಸುತ್ತಿರುತ್ತದೆ. ಆ ಟೇಪಿನೊಳಗೆ ಉಪ್ಪುನೀರು ಮನೆಮಾಡಿಕೊಂಡಿರುತ್ತದೆ, ಎಳೆ ತುಂಡಾದರೂ ಹೊರಗೆ ಕಾಣದು. ಸ್ಟೇನ್‌ಲೆಸ್ ಎಂಬ ಹೆಸರಿಗೆ ಮರುಳಾಗುವಂತಿಲ್ಲ: ಅದರ ರಕ್ಷಾಕವಚಕ್ಕೆ ಆಮ್ಲಜನಕ ಬೇಕು, ಗಾಳಿಯಾಡದ ಬಿರುಕಿನಲ್ಲಿ ಅದೂ ಒಳಗೊಳಗೇ ಕೊರೆದುಹೋಗುತ್ತದೆ. ತುತ್ತತುದಿಯ ರಾಟೆ ಸವೆದರೆ ಹಾಯಿ ಏರಿಸುವ ಹಗ್ಗ ಪಕ್ಕದ ಸಂದಿಗೆ ಬಿದ್ದು ಸಿಕ್ಕಿಕೊಳ್ಳುತ್ತದೆ. ಗಾಳಿ ಹೆಚ್ಚಿದಾಗ ಹಾಯಿ ಕೆಳಗಿಳಿಯುವುದೇ ಇಲ್ಲ. ಇವನ್ನೆಲ್ಲ ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿ. ಯಜಮಾನರು ಆಕಾಶ ನೋಡುತ್ತಾರೆ, ಮಳೆ ಬರುವ ಹಾಗಿದೆ ಎನ್ನುತ್ತಾರೆ.

ಅವರ ಪರವಾಗಿ ವಾದಗಳಿವೆ, ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥವೂ ಅಲ್ಲ. ತಂತಿಯ ಕೆಳತುದಿಯ ಲೋಹದ ಕೊಳವೆಯೊಳಗೆ ನೀರು ಇಳಿದು ನಿಲ್ಲುವುದರಿಂದ ತುಕ್ಕು ಅಲ್ಲೇ ಹೆಚ್ಚು, ಆದ್ದರಿಂದ ಡೆಕ್ಕಿನ ಮೇಲೆ ನಿಂತು ಮಾಡುವ ತಪಾಸಣೆ ವ್ಯರ್ಥವಲ್ಲ ಎನ್ನಬಹುದು. ನಿಜ, ಆದರೆ ಕೆಳತುದಿಯನ್ನು ನೋಡಲು ಹತ್ತು ಕಣ್ಣುಗಳಿವೆ, ಮೇಲ್ತುದಿಗೆ ಒಂದೂ ಇಲ್ಲ. ಕಂಬ ಬೀಳಿಸುವುದು ಬಿರುಗಾಳಿ, ಪಿನ್ನಲ್ಲ ಎನ್ನುವವರಿದ್ದಾರೆ. ಅವರಿಗೆ ಆಗ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿಯವರ ಉದಾಹರಣೆ ಇದೆ: 2018ರ ಗೋಲ್ಡನ್ ಗ್ಲೋಬ್ ಹಾಯಿದೋಣಿ ಸ್ಪರ್ಧೆಯಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿ ‘ತುರಿಯಾ’ದ ಕಂಬ ಮುರಿಯಿತು, ಬೆನ್ನಿಗೆ ಪೆಟ್ಟಾಗಿ ಮಲಗಿದ್ದ ಅವರನ್ನು ‘ಒಸಿರಿಸ್’ ಎಂಬ ಫ್ರೆಂಚ್ ಹಡಗು ಬಂದು ರಕ್ಷಿಸಿತು. ಕಂಬ ಹೋದರೆ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು ಪಿನ್ ನೋಡದೆ ಬಿಡಲು ಪರವಾನಗಿಯಲ್ಲ. ಬಿರುಗಾಳಿ ನಮ್ಮ ಕೈಲಿಲ್ಲ, ಪಿನ್ ಇದೆ. ಎಪ್ಪತ್ತರ ವಯಸ್ಸಿನಲ್ಲಿ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಮೂವತ್ತು ಅಡಿ ಮೇಲೇರಿ ಎಂದು ಹೇಳುವುದು ನ್ಯಾಯವೇ? ಅಲ್ಲ. ನೆಲದ ಮೇಲೆ ಕುರ್ಚಿಯಲ್ಲಿ ಕೂತು ಬರೆಯುವವರಿಗೆ ಎತ್ತರದ ವಿಷಯದಲ್ಲಿ ಧೈರ್ಯ ಯಾವತ್ತೂ ಜಾಸ್ತಿ. ಆದರೆ ಮನುಷ್ಯ ಏರಲಾಗದಿದ್ದರೆ ಕಂಬವನ್ನೇ ಇಳಿಸಬಹುದು. ಚಳಿಗಾಲದಲ್ಲಿ ಕ್ರೇನ್ ತರಿಸಿ ಕಂಬವನ್ನು ಮೇಜೆತ್ತರದ ಆಧಾರಗಳ ಮೇಲೆ ಮಲಗಿಸಿದರೆ ಅದರ ತುತ್ತತುದಿಯೂ ಸೊಂಟದೆತ್ತರಕ್ಕೇ ಬರುತ್ತದೆ. ಯಜಮಾನರ ಪ್ರತಿಭೆಗೆ ಹೇಳಿ ಮಾಡಿಸಿದ ಎತ್ತರ. ಕ್ರೇನಿನ ಬಾಡಿಗೆ ದುಬಾರಿ ಎಂದರೆ, ಇಂಪ್ಯಾಕ್ಟ್ ಡ್ರೈವರುಗಳ ಸಂಗ್ರಹದ ಖರ್ಚನ್ನೂ ಅದರ ಪಕ್ಕ ಬರೆದು ನೋಡಬೇಕಾಗುತ್ತದೆ.

ಇಷ್ಟು ಬೈದ ಮೇಲೂ ಇವರನ್ನು ಬಿಟ್ಟುಕೊಡಲು ಮನಸ್ಸು ಬಾರದು. ಫೈಬರ್‌ಗ್ಲಾಸಿನ ಒಡಲು ಕೊಳೆಯುವುದಿಲ್ಲ. ದೋಣಿ ಕಟ್ಟಿದ ಕಂಪನಿ ಮುಚ್ಚಿಹೋಗಿ, ಬಿಡಿಭಾಗ ಸಿಗದಾದ ಮೇಲೂ ಒಡಲು ಉಳಿದೇ ಇರುತ್ತದೆ. ಅದನ್ನು ದೋಣಿಯಾಗಿ ಉಳಿಸಿರುವುದು ಡಬ್ಬಿಗಟ್ಟಲೆ ಹಳೆ ಬೋಲ್ಟು ಕೂಡಿಟ್ಟ, ಗುರುತಿಲ್ಲದವರಿಗೂ ಸರಿಯಾದ ಅಳತೆಯ ಸ್ಪ್ಲಿಟ್ ಪಿನ್ ಹುಡುಕಿ ಕೊಟ್ಟು ಕಾಸು ಮುಟ್ಟದ ಈ ಜನ. ಇವರಲ್ಲೊಬ್ಬರು ಅಂಗಳಕ್ಕೆ ಬರುವುದು ನಿಲ್ಲಿಸಿದರೆ, ಹಿಂದೆಯೇ ಒಂದು ದೋಣಿ ಕೊಳ್ಳುವವರಿಲ್ಲದೆ ಮೂಲೆ ಸೇರುತ್ತದೆ. ಒಡೆದು ಹಾಕುವುದಕ್ಕೂ ಯಾರಾದರೂ ದುಡ್ಡು ತೆರಬೇಕು. ಸವೆತ ಎಂದೂ ಏಕಾಏಕಿ ಬರುವುದಿಲ್ಲ, ಮೊದಲೇ ನೋಟಿಸು ಕೊಟ್ಟಿರುತ್ತದೆ ಎಂದು ಇವರಷ್ಟು ಚೆನ್ನಾಗಿ ಬಲ್ಲವರೂ ಇಲ್ಲ. ಹಾಗಾಗಿ ಯಜಮಾನರಲ್ಲಿ ಒಂದು ಅರಿಕೆ: ಈ ವರ್ಷ ಗೂಸ್‌ನೆಕ್ಕಿಗೆ ರಜೆ ಕೊಡಿ, ಕಂಬ ಇಳಿಸಿ, ಟೇಪು ಬಿಚ್ಚಿ, ಮೊದಲು ತುದಿಯ ಪಿನ್ನು ನೋಡಿ.