ನಾಲ್ಕಡಿ ಬೀಗದ ಕೈ

ಬಡವರಿಗೆ ಮನೆ ಕಟ್ಟಿಸಿಕೊಡುವ ಯಾವ ಕಚೇರಿಗೆ ಹೋದರೂ ಇವರು ಇದ್ದೇ ಇರುತ್ತಾರೆ. ಬಾಗಿಲ ಮೇಲೆ ‘ಸಾರ್ವಜನಿಕ ಸಂಪರ್ಕಾಧಿಕಾರಿ’ ಎಂಬ ಬೋರ್ಡು. ಸಾರ್ವಜನಿಕರ ಕೈಗೆ ಸಿಗುವುದು ಮಾತ್ರ ಕ್ಯಾಂಟೀನಿನಲ್ಲಿ. ಒಂದು ಇಟ್ಟಿಗೆ ಮುಟ್ಟಿದವರಲ್ಲ. ಆದರೆ ಪತ್ರಿಕಾ ಪ್ರಕಟಣೆಯಲ್ಲಿ ಇವರು ಎಬ್ಬಿಸಿದಷ್ಟು ಮನೆಗಳನ್ನು ಯಾವ ಮೇಸ್ತ್ರಿಯೂ ಎಬ್ಬಿಸಿಲ್ಲ.

ನೌಕರಿಗೆ ಸೇರಿದ್ದು ಬಂಗಾರಪ್ಪನವರ ಕಾಲದ ಆಶ್ರಯ ಯೋಜನೆಯ ಭರಾಟೆಯಲ್ಲಿ. ಆಮೇಲೆ ಬಸವ ವಸತಿ ಬಂತು. 1985ರಿಂದ ನಡೆದುಬಂದ ಇಂದಿರಾ ಆವಾಸ್ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಆಯಿತು. ಯೋಜನೆ ಬದಲಾದರೆ ಇಂಜಿನಿಯರು ನಕ್ಷೆ ಬದಲಿಸಬೇಕು, ಗುಮಾಸ್ತ ಲೆಡ್ಜರು ಬದಲಿಸಬೇಕು. ನಮ್ಮ ಪಿಆರ್‌ಓ ಸಾಹೇಬರಿಗೆ ಹೆಸರೊಂದನ್ನು ತಿದ್ದಿದರೆ ಮುಗಿಯಿತು. ‘ಸೂರಿಲ್ಲದವರ ಕನಸು ನನಸು’ ಎಂಬ ಇವರ ತಲೆಬರಹ ಎಷ್ಟೋ ವಸತಿ ಸಚಿವರನ್ನು ದಾಟಿಕೊಂಡು ಬಂದು ಇವತ್ತಿಗೂ ಬಿರುಕು ಬಿಟ್ಟಿಲ್ಲ. ಮನೆಗಳ ಬಗ್ಗೆ ಹಾಗೆ ಹೇಳುವಂತಿಲ್ಲ.

ಇವರ ಬೀರುವಿನಲ್ಲಿರುವ ಅಮೂಲ್ಯ ಆಸ್ತಿಯೆಂದರೆ ನಾಲ್ಕಡಿ ಉದ್ದದ ಥರ್ಮೋಕೋಲ್ ಬೀಗದ ಕೈ. ಮೈತುಂಬ ಬಂಗಾರದ ಬಣ್ಣದ ಕಾಗದ. ಮುರಿದ ಒಂದು ಹಲ್ಲಿಗೆ ಸೆಲೋಟೇಪಿನ ಪಟ್ಟಿ. ಮನೆ ಹಸ್ತಾಂತರವಿದ್ದ ದಿನ ಅದು ಜೀಪು ಹತ್ತುತ್ತದೆ. ಸಾಂಕೇತಿಕವಾಗಿ ಐವರು ಫಲಾನುಭವಿಗಳು ವೇದಿಕೆಗೆ, ಮಿಕ್ಕವರು ಶಾಮಿಯಾನದಡಿ ಉಪ್ಪಿಟ್ಟಿಗೆ. ಮುರಿದ ಹಲ್ಲು ಕ್ಯಾಮೆರಾಗೆ ಕಾಣದಂತೆ ಸಚಿವರ ಹೆಬ್ಬೆರಳನ್ನು ಸರಿಯಾಗಿ ಅದರ ಮೇಲೇ ಕೂರಿಸಬೇಕಲ್ಲ, ಅದು ಹೊಸಬರ ಕೈಲಾಗುವ ಕೆಲಸವಲ್ಲ. ಒಮ್ಮೆ ಅಜ್ಜಿಯೊಬ್ಬಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿಯೇಬಿಟ್ಟಳು:

“ಇದ್ರ ಬೀಗ ಎಲ್ಲೈತಪ್ಪಾ?”

“ಮೊದ್ಲು ನಗಜ್ಜಿ, ಬೀಗ ಆಮೇಲೆ ನೋಡಾಣ.”

ಫೋಟೋ ಅಜ್ಜಿಗೆ ಸಿಕ್ಕಿತು, ಬೀಗದ ಕೈ ಬೀರುವಿಗೆ ವಾಪಸಾಯಿತು.

ಸಾಹೇಬರಿಗೆ ಈಚೆಗೆ ಒಂದೇ ಕೊರಗು, ಜಿಪಿಎಸ್. ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತಕ್ಕೂ ಜಾಗದಲ್ಲೇ ಫೋಟೋ ತೆಗೆದು ಆ್ಯಪ್‌ಗೆ ಹಾಕಿದರೇ ಫಲಾನುಭವಿಗೆ ಮುಂದಿನ ಕಂತು. ಮೊದಲಾಗಿದ್ದರೆ ಚೆಂದದ ಒಂದು ಮನೆಯ ಫೋಟೋ ಮೂರು ತಾಲ್ಲೂಕಿಗೆ ಆಗಿಬರುತ್ತಿತ್ತು. ವರದಿಗಾರರು ಫೋನ್ ಮಾಡಿ ಎಷ್ಟು ಮನೆ ಮುಗಿದವು ಎಂದರೆ ಇವರ ಉತ್ತರ “ಪ್ರಗತಿಯಲ್ಲಿದೆ.” ಯಾವಾಗ ಮುಗಿಯುತ್ತದೆ ಎಂದರೂ ಅದೇ. ಊಟ ಆಯಿತೇ ಎಂದು ಕೇಳಿದರೂ ಅದೇ ಬಂದೀತು.

ಆದರೂ ಇವರನ್ನು ಬರೀ ಬೊಗಳೆ ಎಂದು ತಳ್ಳಿಹಾಕಬೇಡಿ. ಇಡೀ ಕಚೇರಿಯಲ್ಲಿ ನಿಯಮಗಳನ್ನು ಕೊನೆಯ ಪುಟದವರೆಗೆ ಓದಿದವರು ಇವರೊಬ್ಬರೇ, ತಿದ್ದುವುದಕ್ಕಾದರೂ ಓದಲೇಬೇಕಲ್ಲ! ಪ್ರಕಟಣೆಯಲ್ಲಿ ‘ಅರ್ಹ ಫಲಾನುಭವಿಗಳು’ ಎಂದು ತೇಲಿಸಿದ್ದನ್ನು ಕ್ಯಾಂಟೀನಿನಲ್ಲಿ ಬಿಡಿಸಿ ಹೇಳುತ್ತಾರೆ: “ಪಟ್ಟಣದ ಪ್ರಧಾನ ಮಂತ್ರಿ ಆವಾಸ್‌ಗೆ ಹಾಕ್ತೀಯಾ? ಬಡವರ ವರ್ಗಕ್ಕೆ ವರ್ಷದ ವರಮಾನ 3 ಲಕ್ಷ ದಾಟಬಾರದು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಪತ್ರದಲ್ಲಿ ಹೆಂಡತಿ ಹೆಸರು ಸೇರಿಸು. ಏಜೆಂಟನಿಗೆ ಒಂದು ಪೈಸೆ ಕೊಡಬೇಡ.” ಇದಕ್ಕೆ ಇವರು ತೆಗೆದುಕೊಳ್ಳುವುದು ಬೈಟು ಕಾಫಿ, ಅದೂ ಅರ್ಧ ನಿಮಗೇ.

ಹಾಗಾಗಿ ನಿಮಗೆ ಯಾರಿಗಾದರೂ ಅರ್ಜಿ ಹಾಕುವುದಿದ್ದರೆ ಇವರ ಪ್ರಕಟಣೆ ಓದುತ್ತ ಕೂರಬೇಡಿ. ಹನ್ನೊಂದು ಗಂಟೆಗೆ ಕ್ಯಾಂಟೀನಿಗೆ ಹೋಗಿ.